ಹೆಬ್ಬಾತಿನ ಮೊಟ್ಟೆ, ಕಾವು ಪೆಟ್ಟಿಗೆ, ಅಡುಗೆಮನೆಯ ತಕ್ಕಡಿ

ಕೋಳಿಮೊಟ್ಟೆ 21 ದಿನಕ್ಕೆ ಮರಿಯಾಗುತ್ತದೆ. ಬಾತುಕೋಳಿಗೆ 28 ದಿನ. ಹೆಬ್ಬಾತಿಗೆ ಸುಮಾರು 30 ದಿನ ಬೇಕು. ಇಷ್ಟೇ ವ್ಯತ್ಯಾಸ ಅಂದುಕೊಂಡು ಇನ್‌ಕ್ಯುಬೇಟರ್‌ಗೆ ಮೊಟ್ಟೆ ಜೋಡಿಸಿದವರು ಕೊನೆಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ನೋಡಿದ್ದೇನೆ. 25ನೇ ದಿನದವರೆಗೂ ಎಲ್ಲ ಸರಿಯಾಗಿಯೇ ಇರುತ್ತದೆ. ಟಾರ್ಚ್ ಹಿಡಿದರೆ ಮರಿ ಮಿಸುಕಾಡೋದೂ ಕಾಣುತ್ತದೆ. ಆಮೇಲೆ ಹೊರಗೆ ಬರೋದೇ ಇಲ್ಲ. ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿ ಒಳಗೇ ಸತ್ತಿರುತ್ತದೆ. ಎಲ್ಲರೂ ಮೊದಲು ಬೈಯೋದು ಶಾಖವನ್ನು. ಆದರೆ ಇದರಲ್ಲಿ ನೀರಿನ ಪಾಲು ದೊಡ್ಡದು. ನಮ್ಮ ಮನೆಯಲ್ಲಿ ಮರಿ ಮಾಡಿಸಿದಾಗ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೂ ಆ ನೀರಿನ ಲೆಕ್ಕಕ್ಕೇ.

ನಮ್ಮದು ತಿಪಟೂರು ಕಡೆ, ತೆಂಗಿನ ತೋಟದ ನಡುವೆ ಮನೆ. ಹೆಬ್ಬಾತು ತಂದಿದ್ದು ಕಾವಲಿಗೆ. ಹಾವು ಹತ್ತಿರ ಸುಳಿಯೋದಿಲ್ಲ ಅಂತ ಮಾರಿದವರು ಹೇಳಿದ್ದರು. ಅದರ ಗ್ಯಾರಂಟಿ ನಾನು ಕೊಡಲಾರೆ. ಗೇಟಿನ ಹತ್ತಿರ ಹೆಜ್ಜೆ ಸಪ್ಪಳವಾದರೆ ಊರೆಲ್ಲ ಎಬ್ಬಿಸುತ್ತವೆ ಅನ್ನೋದಂತೂ ನಿಜ. ಕೊಕ್ಕಿನ ಬುಡದಲ್ಲಿ ಗಂಟು, ಕತ್ತಿನ ಹಿಂಭಾಗದಲ್ಲಿ ಕಂದು ಪಟ್ಟೆ ಇರುವ ಜಾತಿ ನಮ್ಮದು. ಚೀನಾ ಕಡೆಯ ಕಾಡು ಹೆಬ್ಬಾತಿನಿಂದ ಬಂದ ತಳಿ ಇದು. ಗಂಟಿಲ್ಲದ ಯುರೋಪಿನ ತಳಿಗಳ ಮೂಲ ಬೇರೆ, ಅವು ಬೂದು ಹೆಬ್ಬಾತಿನ ಸಂತತಿ. ಈ ಗಂಟಿನ ಜಾತಿ ಮೊಟ್ಟೆ ಚೆನ್ನಾಗಿ ಇಡುತ್ತದೆ. ಕಾವಿಗೆ ಕೂರುವ ವಿಷಯದಲ್ಲಿ ಮಾತ್ರ ನಂಬೋ ಹಾಗಿಲ್ಲ. ಒಂದು ಕೂತರೆ ಇನ್ನೊಂದು ಎದ್ದು ಹೋಗುತ್ತದೆ.

ನಮ್ಮಲ್ಲಿ ಚಳಿ ಶುರುವಾದ ಮೇಲೆ ಮೊಟ್ಟೆ ಕಾಲ. ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಒಂದು ಮೊಟ್ಟೆ. ತೆಂಗಿನ ಗರಿ ರಾಶಿಯ ಸಂದಿಯಲ್ಲಿ ಗುಂಡಿ ಮಾಡಿ, ಇಟ್ಟಾದ ಮೇಲೆ ಕಸಕಡ್ಡಿ ಎಳೆದು ಮುಚ್ಚಿ, ತನಗೇನೂ ಗೊತ್ತಿಲ್ಲ ಅನ್ನೋ ಹಾಗೆ ಬಂದುಬಿಡುತ್ತದೆ. ನಮಗಿಂತ ಮೊದಲು ಮುಂಗುಸಿಗೆ ಗೊತ್ತಾಗಿರುತ್ತದೆ. ಅದಕ್ಕೇ ಇಟ್ಟಿದ್ದನ್ನು ಅವತ್ತವತ್ತೇ ಎತ್ತಿಡೋದು ಅಂತ ತೀರ್ಮಾನ ಮಾಡಿದೆವು. ಎತ್ತುತ್ತಾ ಹೋದರೆ ಇನ್ನೂ ನಾಲ್ಕು ಜಾಸ್ತಿಯೇ ಇಡುತ್ತದೆ, ಅದೊಂದು ಲಾಭ.

ಎತ್ತಿಟ್ಟ ಮೊಟ್ಟೆಯನ್ನು ಒಂದು ವಾರ, ತಪ್ಪಿದರೆ ಹತ್ತು ದಿನದೊಳಗೆ ಕಾವಿಗೆ ಇಡಬೇಕು. ಅಲ್ಲಿಯವರೆಗೆ 13ರಿಂದ 16 ಡಿಗ್ರಿ ತಂಪಿನಲ್ಲಿದ್ದರೆ ಒಳ್ಳೆಯದು. ಫ್ರಿಜ್ ಅದಕ್ಕಿಂತ ತುಂಬಾ ತಂಪು. ಅಡುಗೆಮನೆ ಕಪಾಟು ಬೆಚ್ಚಗೆ. ನಮ್ಮತ್ತೆ ಒಂದು ಅಗಲ ಬಾಯಿಯ ಮಡಕೆ ತಂದು, ಒದ್ದೆ ಮರಳಿನ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಸಿ ಬಟ್ಟೆ ಕಟ್ಟಿ ಕೊಟ್ಟರು. ಡಿಸೆಂಬರ್ ಚಳಿಯಲ್ಲಿ ಆ ಮಡಕೆಯೊಳಗೆ ಬೆಳಗಿನ ಹೊತ್ತು ಸರಿಯಾಗಿ ಅಷ್ಟೇ ತಂಪಿರುತ್ತಿತ್ತು. ದಿನಕ್ಕೊಮ್ಮೆ ಮೊಟ್ಟೆಯನ್ನು ಮಗ್ಗುಲು ಬದಲಿಸಿದರೆ ಆಯಿತು.

ಹೆಬ್ಬಾತಿನ ಮೊಟ್ಟೆ ಕೊಳೆಯಾಗಿಯೇ ಸಿಗೋದು. ಕೆಸರು ಕಾಲಲ್ಲಿ ಗೂಡಿಗೆ ಹೋಗೋ ಪ್ರಾಣಿ, ಇನ್ನೇನಾಗುತ್ತದೆ? ಒಣಗಿದ ಮಣ್ಣನ್ನು ಪಾತ್ರೆ ಉಜ್ಜೋ ಹಸಿರು ಸ್ಕ್ರಬ್‌ನಿಂದ ಮೆಲ್ಲಗೆ ಉದುರಿಸಿದೆ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ತಣ್ಣೀರಿಗೆ ಹಾಕಿದರೆ ಒಳಗಿನದು ಕುಗ್ಗಿ, ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಹೊರಗಿನ ಗಲೀಜನ್ನೇ ಒಳಗೆ ಎಳೆದುಕೊಳ್ಳುತ್ತದೆ. ತುಂಬಾ ಕೊಳೆಯಾಗಿದ್ದನ್ನು ಆಮ್ಲೆಟ್ ಮಾಡಿಬಿಟ್ಟೆವು. ಒಂದು ಮೊಟ್ಟೆಗೆ ಇಬ್ಬರ ಹೊಟ್ಟೆ ತುಂಬುತ್ತದೆ.

ಇನ್‌ಕ್ಯುಬೇಟರ್ ಆನ್‌ಲೈನ್‌ನಲ್ಲಿ ತರಿಸಿದ್ದು. 56 ಮೊಟ್ಟೆ ಹಿಡಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಅದು ಕೋಳಿಮೊಟ್ಟೆ ಲೆಕ್ಕ. ಹೆಬ್ಬಾತಿನದು ಒಂದೊಂದೂ 120ರಿಂದ 170 ಗ್ರಾಂ ತೂಗುತ್ತದೆ, ಆ ಲೆಕ್ಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಸಿದರೆ ಹೆಚ್ಚು. ತಾನಾಗಿ ಮೊಟ್ಟೆ ಹೊರಳಿಸೋ ಟ್ರೇ ಕೂಡ ಕೋಳಿಮೊಟ್ಟೆ ಅಳತೆಯದೇ. ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅದರಿಂದ ನಷ್ಟವೇನೂ ಆಗಲಿಲ್ಲ. ಹೆಬ್ಬಾತಿನ ಮೊಟ್ಟೆಯನ್ನು ಅಡ್ಡ ಮಲಗಿಸಿ, ಪೂರ್ತಿ ಅರ್ಧ ಸುತ್ತು ಹೊರಳಿಸಬೇಕು. ಟ್ರೇಗಳು ಸುಮ್ನೆ ಆಚೆ ಈಚೆ ವಾಲಿಸುತ್ತವೆ. ಇದರ ದೊಡ್ಡ ಹಳದಿಗೆ ಅಷ್ಟು ಸಾಲದು.

ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್‌ನಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಟು ಗುರುತು ಹಾಕಿದೆ. ಜೊತೆಗೆ ನಂಬರ್, ಕೆಳಗೆ ತೂಕ. ಮಾರ್ಕರ್ ಪೆನ್ನು ಬೇಡ, ಅದರ ಶಾಯಿ ಒಳಗೆ ಇಳಿಯುವ ಭಯ.

ಇಷ್ಟೆಲ್ಲ ತಯಾರಿ ನೋಡಿ ಅತ್ತೆಗೆ ನಗು. "ಇದಕ್ಯಾಕೆ ಮಷೀನು? ನಮ್ಮ ಕರೀ ಕೋಳಿ ಕಾವಿಗೆ ಕೂತದೆ. ಅದರ ಕೆಳಗೆ ನಾಲ್ಕು ಇಡು, ನೋಡೋಣ" ಅಂದರು. ಇಟ್ಟೆವು. ನಾಟಿ ಕೋಳಿಯ ಹೊಟ್ಟೆ ಕೆಳಗೆ ಇದರ ಮೊಟ್ಟೆ ನಾಲ್ಕೈದು ಹಿಡಿಯುತ್ತವೆ, ಅದಕ್ಕಿಂತ ಜಾಸ್ತಿ ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಕೋಳಿಗೆ ಇವನ್ನು ಹೊರಳಿಸೋ ಶಕ್ತಿ ಇರೋದಿಲ್ಲ. ಅದು ಕಾಳು ತಿನ್ನಲು ಎದ್ದಾಗ ಅತ್ತೆಯೇ ಹೊರಳಿಸುತ್ತಿದ್ದರು. ಹೀಗೆ ಒಂದೇ ಮನೆಯಲ್ಲಿ ಎರಡು ಕಾವು, ಒಂದು ಕರೆಂಟಿನದು, ಒಂದು ಕೋಳಿಯದು. ನನಗಂತೂ ಅದು ತುಂಬಾ ಉಪಯೋಗಕ್ಕೆ ಬಂತು. ಮಷೀನಿನ ಮೊಟ್ಟೆ ಸರಿಯಾಗಿ ನಡೆಯುತ್ತಿದೆಯಾ ಇಲ್ವಾ ಅಂತ ತಾಳೆ ನೋಡಲು ಪಕ್ಕದಲ್ಲೇ ಇನ್ನೊಂದು ಲೆಕ್ಕ ಇತ್ತು.

ಮೊಟ್ಟೆ ಇಡುವ ಮೊದಲು ಮಷೀನನ್ನು ಖಾಲಿಯೇ ಓಡಿಸಿ ನೋಡಬೇಕು. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ, ಅಂದರೆ ಜ್ವರ ನೋಡೋ ಲೆಕ್ಕದಲ್ಲಿ 99.5. ಪರೀಕ್ಷೆಗೆ ಬೇರೆ ಸಾಮಾನು ಬೇಕಾಗಿಲ್ಲ. ಮನೆಯಲ್ಲಿರೋ ಜ್ವರದ ಥರ್ಮಾಮೀಟರ್ ಒಳಗಿಟ್ಟೆ. ಪರದೆ 37.5 ಅಂದರೆ ಥರ್ಮಾಮೀಟರ್ 36.9 ಅಂತಿತ್ತು. ಸೆಟ್ಟಿಂಗ್‌ನಲ್ಲಿ ಅಷ್ಟು ಏರಿಸಿಕೊಂಡೆ. ಹೀಗೆ ಅರ್ಧ ಡಿಗ್ರಿ ಕಮ್ಮಿ ಇದ್ದರೆ ಮರಿ ದಿನಗಟ್ಟಲೆ ತಡವಾಗುತ್ತದೆ, ಸೊರಗುತ್ತದೆ.

ತೇವ ತೋರಿಸೋ ಮೀಟರ್‌ನ್ನು ಉಪ್ಪಿನಲ್ಲಿ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ನಾಲ್ಕು ಹನಿ ನೀರಲ್ಲಿ ಹಸಿ ಮಾಡಿ, ಮೀಟರ್ ಜೊತೆ ಗಾಳಿಯಾಡದ ಕವರ್‌ನಲ್ಲಿ ರಾತ್ರಿಯಿಡೀ ಇಡಬೇಕು. ಬೆಳಗ್ಗೆ ಮೀಟರ್ 75 ತೋರಿಸಬೇಕು. ಹಸಿ ಉಪ್ಪಿನ ಸುತ್ತಲ ಗಾಳಿಯಲ್ಲಿ ತೇವ ನಿಲ್ಲೋದೇ ಅಷ್ಟಕ್ಕೆ. ನಮ್ಮದು 68 ತೋರಿಸಿತು. ಅವತ್ತಿನಿಂದ ಅದು ಏನು ಹೇಳಿದರೂ 7 ಕೂಡಿಸಿಕೊಳ್ಳೋದು ನಮಗೆ ಅಭ್ಯಾಸವಾಯಿತು. ಪರದೆ ಮೇಲೆ ಅಂಕಿ ಹೊಳೀತಿದೆ ಅಂತ ಅದನ್ನೇ ನಂಬಿ ಕೂರೋದು ನನಗೆ ಆಗೋದಿಲ್ಲ.

ಈಗ ತಕ್ಕಡಿ ವಿಷಯ. ಮೊಟ್ಟೆಯ ಚಿಪ್ಪು ಉಸಿರಾಡುತ್ತದೆ. ಕಾವಿನಲ್ಲಿರುವಾಗ ದಿನಾ ಸ್ವಲ್ಪ ಸ್ವಲ್ಪ ನೀರು ಆವಿಯಾಗಿ ಹೋಗುತ್ತಲೇ ಇರಬೇಕು. ನೀರು ಹೋದ ಜಾಗಕ್ಕೆ ದಪ್ಪ ತುದಿಯಲ್ಲಿ ಗಾಳಿ ಸೇರುತ್ತದೆ. ಕೊನೆಯಲ್ಲಿ ಮರಿ ಮೊದಲ ಉಸಿರು ಎಳೆದುಕೊಳ್ಳೋದು ಆ ಗಾಳಿಯಿಂದಲೇ. ನೀರು ಕಮ್ಮಿ ಹೋದರೆ ಗಾಳಿಗೆ ಜಾಗ ಇಲ್ಲ. ಉಬ್ಬಿದ ಮರಿ ತಿರುಗಲೂ ಆಗದೆ ಒಳಗಿನ ನೀರಿನಲ್ಲೇ ಮುಳುಗುತ್ತದೆ. ಜಾಸ್ತಿ ಹೋದರೆ ಪೊರೆ ಒಣಗಿ ಮೈಗೆ ಅಂಟಿಕೊಂಡು ಬಿಗಿಯುತ್ತದೆ. ಹೆಬ್ಬಾತಿನ ಮೊಟ್ಟೆ ಮರಿ ಒಡೆಯೋ ಹೊತ್ತಿಗೆ ಮೊದಲಿನ ತೂಕದಲ್ಲಿ ಸುಮಾರು ನೂರಕ್ಕೆ 14ರಷ್ಟು ಕಳೆದುಕೊಂಡಿರಬೇಕು.

142 ಗ್ರಾಂ ಇರೋ ಮೊಟ್ಟೆ ತಗೊಳ್ಳಿ. 28ನೇ ದಿನಕ್ಕೆ ಅದು 122ಕ್ಕೆ ಇಳಿದಿರಬೇಕು. ವಾರಕ್ಕೆ 5 ಗ್ರಾಂ. ಇಷ್ಟು ಹಿಡಿದರೆ ಮುಗಿಯಿತು. ಹಿಟ್ಟು ತೂಗೋ ಡಿಜಿಟಲ್ ತಕ್ಕಡಿ ಸಾಕು.

ಪುಸ್ತಕಗಳಲ್ಲಿ ಮೊದಲ 27 ದಿನ ಶೇಕಡ 50-55 ತೇವ ಇರಲಿ ಅಂತ ಇರುತ್ತದೆ. ಮಷೀನಿನ ಜೊತೆ ಬಂದ ಚೀಟಿಯಲ್ಲಿ "ಒಂದು ಕಾಲುವೆಗೆ ನೀರು ತುಂಬಿಸಿ" ಅಂತಿತ್ತು. ಕಾಲುವೆ ಅಂದರೆ ಪೆಟ್ಟಿಗೆಯ ತಳದಲ್ಲಿ ನೀರು ಹಾಕೋ ತೋಡು. ತುಂಬಿಸಿದೆ. ಮೊದಲ ವಾರದ ಕೊನೆಗೆ ತೂಗಿದರೆ 142 ಇದ್ದದ್ದು 134ಕ್ಕೆ ಬಂದು ನಿಂತಿದೆ. ಉಳಿದವೂ ಹೆಚ್ಚುಕಮ್ಮಿ ಹಾಗೇ. ಕೋಳಿ ಕೆಳಗಿನವನ್ನು ತೂಗಿದರೆ ಒಂದೂ 6 ಗ್ರಾಂಗಿಂತ ಜಾಸ್ತಿ ಇಳಿದಿರಲಿಲ್ಲ. ಅಂದರೆ ನಮ್ಮ ಪೆಟ್ಟಿಗೆ ಒಣಗಿಸುತ್ತಿತ್ತು.

ಕಾರಣ ಇಷ್ಟೇ. ತಿಪಟೂರಿನ ಜನವರಿ ಮಧ್ಯಾಹ್ನ ಗಾಳಿಯಲ್ಲಿ ತೇವ ಶೇಕಡ 35ರ ಆಸುಪಾಸು ಇದ್ದರೆ, ಅದೇ ಗಾಳಿಯನ್ನು 37.5ಕ್ಕೆ ಬಿಸಿ ಮಾಡಿದಾಗ ಅದು 20ಕ್ಕೆ ಇಳಿಯುತ್ತದೆ. ಗಾಳಿ ಬಿಸಿಯಾದಷ್ಟೂ ಅದರ ಬಾಯಾರಿಕೆ ಜಾಸ್ತಿ. ನನ್ನ ನಾದಿನಿ ಕುಂದಾಪುರದಲ್ಲಿದ್ದಾಳೆ. ಅವಳೂ ಅದೇ ಮಷೀನು ತರಿಸಿದ್ದಳು. ಅಲ್ಲಿ 27 ಡಿಗ್ರಿಯಲ್ಲಿ 75 ತೇವ ಇರೋ ಗಾಳಿ ಬಿಸಿಯಾದರೂ 40ರ ಮೇಲೇ ನಿಲ್ಲುತ್ತದೆ, ನೀರು ಹಾಕದೇ ಇದ್ದರೂ. ಅವಳೂ ಚೀಟಿ ನೋಡಿ ಕಾಲುವೆ ತುಂಬಿಸಿದ್ದಳು, ಅವಳ ಮೊಟ್ಟೆ ವಾರಕ್ಕೆ 3 ಗ್ರಾಂ ಕೂಡ ಇಳಿದಿರಲಿಲ್ಲ. ಫೋನಿನಲ್ಲಿ "ಅತ್ತಿಗೆ, ನಂದು ಇಳೀತಾನೇ ಇಲ್ಲ" ಅಂತ ಅವಳು, "ನಂದು ನಿಲ್ತಾನೇ ಇಲ್ಲ" ಅಂತ ನಾನು. ಅವಳಿಗೆ ನೀರು ಪೂರ್ತಿ ತೆಗೆದುಬಿಡು ಅಂದೆ. ನಾನು ಎರಡನೇ ಕಾಲುವೆಯನ್ನೂ ತುಂಬಿಸಿ, ಸ್ಪಂಜಿನ ತುಂಡು ಒದ್ದೆ ಮಾಡಿ ನಿಲ್ಲಿಸಿದೆ. ನೀರು ಎಷ್ಟು ಆಳ ಇದೆ ಅನ್ನೋದು ಮುಖ್ಯ ಅಲ್ಲ, ಎಷ್ಟು ಅಗಲ ಗಾಳಿಗೆ ತೆರೆದಿದೆ ಅನ್ನೋದು ಮುಖ್ಯ. ಎರಡನೇ ವಾರ ಇಳಿದದ್ದು ಬರೀ 3 ಗ್ರಾಂ, 131. ಮೂರನೇ ವಾರಕ್ಕೆ ಸ್ಪಂಜು ಚಿಕ್ಕದು ಮಾಡಿದೆ. ಅಲ್ಲಿಗೆ ಲೆಕ್ಕ ದಾರಿಗೆ ಬಂತು. ಒಂದೇ ಚೀಟಿ ಇಬ್ಬರಿಗೂ ಸರಿಹೋಗೋದು ಹೇಗೆ? ತಕ್ಕಡಿ ಮಾತ್ರ ಎಲ್ಲ ಊರಿಗೂ ಒಂದೇ.

ದಿನದ ಕೆಲಸ ಅಂದರೆ ಹೊರಳಿಸೋದು ಮತ್ತು ತಣಿಸೋದು. ಬೆಳಗ್ಗೆ ಎದ್ದಾಗ, ತಿಂಡಿ ಆದ ಮೇಲೆ, ಮಧ್ಯಾಹ್ನ, ಸಂಜೆ, ಮಲಗೋ ಮುಂಚೆ ಹೊರಳಿಸುತ್ತಿದ್ದೆ. ಬೆಸ ಸಂಖ್ಯೆಯಾದರೆ ರಾತ್ರಿಯ ಉದ್ದನೆ ಹೊತ್ತು ಒಂದೇ ಮಗ್ಗುಲಿಗೆ ಬೀಳೋದಿಲ್ಲ. ಒಂದು ರಾತ್ರಿ ಸೊನ್ನೆ ಮೇಲೆ, ಮಾರನೇ ರಾತ್ರಿ ಇಂಟು ಮೇಲೆ.

ತಣಿಸೋದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಕಾವು ಕೊಡೋಕೆ ಅಂತ ಪೆಟ್ಟಿಗೆ ತಂದು, ದಿನಾ ಅದರ ಮುಚ್ಚಳ ತೆಗೆದು ಆರಿಸೋದು! ಆದರೆ ತಾಯಿ ಹೆಬ್ಬಾತು ಮಾಡೋದೂ ಅದನ್ನೇ. ದಿನಕ್ಕೊಮ್ಮೆ ಗೂಡು ಬಿಟ್ಟೆದ್ದು, ಮೇದು, ನೀರಲ್ಲಿ ಮುಳುಗಿ, ಒದ್ದೆ ಮೈಯಲ್ಲೇ ಬಂದು ಕೂರುತ್ತದೆ. ಅದೂ ಅಲ್ಲದೆ ಇದು ದೊಡ್ಡ ಮೊಟ್ಟೆ. ಮರಿ ಬೆಳೆದ ಹಾಗೆ ತನ್ನದೇ ಶಾಖ ಹುಟ್ಟಿಸುತ್ತದೆ. ಆ ಶಾಖ ಹೊರಗೆ ಹೋಗಲು ದಾರಿ ಬೇಕು. ಎಂಟು ಹತ್ತನೇ ದಿನದಿಂದ ಶುರು ಮಾಡಿ ದಿನಾ ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆದಿಡುತ್ತಿದ್ದೆ.

ಎಷ್ಟು ಆರಬೇಕು ಅನ್ನೋದಕ್ಕೆ ಗಡಿಯಾರಕ್ಕಿಂತ ಕಣ್ಣು ರೆಪ್ಪೆ ವಾಸಿ. ಮೊಟ್ಟೆಯನ್ನು ಎತ್ತಿ ಮುಚ್ಚಿದ ರೆಪ್ಪೆಗೆ ತಾಕಿಸಬೇಕು. ಮೊದಲು ಬೆಚ್ಚಗೆ ಹಿತವಾಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬಿಸಿಯೂ ಅಲ್ಲ, ತಂಪೂ ಅಲ್ಲ, ಚಿಪ್ಪಿನ ನುಣುಪು ಮಾತ್ರ ಗೊತ್ತಾಗುವ ಹಂತ ಬರುತ್ತದೆ. ಆಗ ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಸಣ್ಣಗೆ ಹೊಡೆದು ಮುಚ್ಚಳ ಹಾಕೋದು. "ಮೊಟ್ಟೆಗೆ ದಿನಾ ಸ್ನಾನ, ನಿನಗೆ ಮಾತ್ರ ತಲೆ ಬಾಚೋಕೂ ಪುರುಸೊತ್ತಿಲ್ಲ" ಅಂತ ಅತ್ತೆ ರೇಗಿಸುತ್ತಿದ್ದರು.

ಟಾರ್ಚ್ ಹಾಕಿ ನೋಡೋದು ಮಕ್ಕಳಿಗೆ ಖುಷಿಯ ಕೆಲಸ. ರಾತ್ರಿ ಲೈಟ್ ಆರಿಸಿ, ರಟ್ಟಿನಲ್ಲಿ ತೂತು ಮಾಡಿ, ಕೆಳಗೆ ಟಾರ್ಚ್, ಮೇಲೆ ಮೊಟ್ಟೆ. ಚಿಪ್ಪು ದಪ್ಪ, ಆದರೆ ಬಿಳಿ. ಏಳನೇ ದಿನಕ್ಕೆ ಸ್ಪಷ್ಟವಾಗುತ್ತದೆ. ಜೀವ ಹಿಡಿದಿದ್ದರೆ ಮಧ್ಯದಲ್ಲಿ ಒಂದು ಚುಕ್ಕೆ, ಸುತ್ತ ಜೇಡದ ಕಾಲಿನ ಹಾಗೆ ಕೆಂಪು ನರಗಳು. ಏನೂ ಇಲ್ಲದೆ ತಿಳಿ ಹಳದಿ ಕಂಡರೆ ಅದು ಬರೀ ಮೊಟ್ಟೆ. ನರಗಳೆಲ್ಲ ಮಾಯವಾಗಿ ಒಂದು ರಕ್ತದ ಉಂಗುರ ಮಾತ್ರ ಉಳಿದಿದ್ದರೆ, ಶುರುವಾಗಿ ನಿಂತುಹೋಗಿದೆ ಅಂತ. ನಮ್ಮಲ್ಲಿ ತೆಗೆದಿದ್ದರಲ್ಲಿ ಹೆಚ್ಚಿನವು ಬರೀ ಮೊಟ್ಟೆಗಳು. ಗಂಡಿಗೆ ಅದು ಮೊದಲ ವರ್ಷ, ಆ ವಯಸ್ಸಿನಲ್ಲಿ ಫಲ ಕಮ್ಮಿಯೇ. ಈಜಾಡೋ ಅಷ್ಟು ನೀರಿದ್ದರೆ ಇವು ಚೆನ್ನಾಗಿ ಜೊತೆಗೂಡುತ್ತವೆ. ನಮ್ಮ ತೊಟ್ಟಿ ಚಿಕ್ಕದು.

ನೋಡೋದರ ಜೊತೆ ಮೂಸೋದನ್ನೂ ಬಿಡಬಾರದು. ಕೊಳೆತ ಮೊಟ್ಟೆಯೊಂದು ಪೆಟ್ಟಿಗೆಯೊಳಗೆ ಸಿಡಿದರೆ ಉಳಿದವಕ್ಕೂ ಕುತ್ತು, ಮನೆಯವರಿಗೂ ಕುತ್ತು. ಹದಿನೈದನೇ ದಿನದ ಹೊತ್ತಿಗೆ ಒಂದರ ಚಿಪ್ಪಿನ ಮೇಲೆ ಬೆವರಿನಂಥ ಹನಿ ಕಂಡಿತು. ಮೂಗಿನ ಹತ್ತಿರ ತಂದ ಕೂಡಲೇ ಗೊತ್ತಾಯಿತು. ನಮ್ಮನೆಯವರು ಅದನ್ನು ಮೊರದ ಮೇಲಿಟ್ಟುಕೊಂಡು, ಉಸಿರು ಬಿಗಿ ಹಿಡಿದು, ತೆಂಗಿನ ಬುಡದ ಗುಂಡಿಗೆ ಸಾಗಿಸಿದರು.

ಕರೆಂಟ್ ಹೋಗೋದು ಇದ್ದದ್ದೇ. ಗಾಬರಿ ಬೇಡ. ಒಂದೆರಡು ಗಂಟೆ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ, ಸ್ವಲ್ಪ ತಡವಾಗಬಹುದು ಅಷ್ಟೆ. ಕಾವು ಏರಿದರೆ ಮಾತ್ರ ಉಳಿಗಾಲವಿಲ್ಲ, 40 ದಾಟಿದರೆ ಬೇಗ ಸಾಯುತ್ತವೆ. ಅದಕ್ಕೇ ಪೆಟ್ಟಿಗೆಯನ್ನು ಬಿಸಿಲು ಬೀಳೋ ಕಿಟಕಿ ಪಕ್ಕ ಇಡಲೇಬಾರದು. ನಮ್ಮದು ಇನ್ವರ್ಟರ್ ಲೈನಿನಲ್ಲಿತ್ತು. ಅದೂ ಇಳಿದಾಗ ಕಂಬಳಿ ಹೊದಿಸಿ ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟೆವು, ಗಾಳಿ ತೂತು ಬಿಟ್ಟು.

ಈ ಮಧ್ಯೆ ಗದಗ ಕಡೆಯ ನೆಂಟರೊಬ್ಬರು ಬಂದಿದ್ದರು. ಪೆಟ್ಟಿಗೆ ನೋಡಿ, "ನಮ್ಮ ಮಾಗಡಿ ಕೆರೆಗೆ ಸಾವಿರಗಟ್ಟಲೆ ಹೆಬ್ಬಾತು ಬರ್ತಾವ್ರೀ, ಅವುಗಳ ತತ್ತಿ ಸಿಕ್ಕರ ಇದರಾಗ ಇಡಬಹುದೇನು?" ಅಂತ ಕೇಳಿದರು. ಶಿರಹಟ್ಟಿ ತಾಲ್ಲೂಕಿನ ಆ ಕೆರೆಗೆ ಚಳಿಗಾಲದಲ್ಲಿ ಬರೋದು ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರುವ ಕಾಡು ಹಕ್ಕಿ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅವು ಇಲ್ಲಿ ಮೇಯಲು ಬರೋದು, ಮೊಟ್ಟೆ ಇಡೋದು ವಾಪಸ್ ಹೋದ ಮೇಲೆ, ಟಿಬೆಟ್, ಮಂಗೋಲಿಯಾ ಕಡೆ. ಸಿಕ್ಕರೂ ಮುಟ್ಟೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅವರು ಸುಮ್ನೆ ಕೇಳಿದ್ದು, ಹೊಲದ ಶೇಂಗಾ ತಿಂದು ಹೋಗೋ ಹಕ್ಕಿಗಳ ಮೇಲೆ ಅವರಿಗೆ ಸಿಟ್ಟಿಗಿಂತ ಅಭಿಮಾನವೇ ಜಾಸ್ತಿ.

27ನೇ ದಿನಕ್ಕೆ ಹೊರಳಿಸೋದು, ತಣಿಸೋದು ಎರಡೂ ನಿಂತಿತು. ಟಾರ್ಚ್ ಹಿಡಿದರೆ ಮೊಟ್ಟೆ ಪೂರ್ತಿ ಕಪ್ಪು, ದಪ್ಪ ತುದಿಯ ಗಾಳಿಯ ಗೆರೆ ಒಂದು ಕಡೆ ಓರೆಯಾಗಿ ಇಳಿದಿತ್ತು. ಆ ಗೆರೆಯ ಆಚೆ ಏನೋ ನೆರಳು ಆಗಾಗ ತಳ್ಳುತ್ತಿತ್ತು. ಕೊಕ್ಕು. ಈಗ ತೇವ 75ರ ಮೇಲೆ ಬೇಕು. ಎಲ್ಲ ಕಾಲುವೆ ತುಂಬಿಸಿ, ಒದ್ದೆ ಬಟ್ಟೆ ಸುರುಳಿ ಇಟ್ಟು, ಶಾಖವನ್ನು 37.2ಕ್ಕೆ ಇಳಿಸಿದೆ. ತಳಕ್ಕೆ ಜಾರದ ಹಾಗೆ ಗೋಣಿತಾಟಿನ ತುಂಡು ಹಾಸಿದೆ. ಇಲ್ಲಿಂದ ಮುಚ್ಚಳ ತೆಗೆಯೋ ಹಾಗಿಲ್ಲ. ಒಂದು ಸಲ ತೆಗೆದರೆ ಒಳಗಿನ ತೇವವೆಲ್ಲ ಹಾರಿಹೋಗಿ, ಅರ್ಧ ಒಡೆದ ಮೊಟ್ಟೆಯ ಪೊರೆ ಒಣಗುತ್ತದೆ.

ಮರಿ ಹೊರಗೆ ಬರೋ ಮೊದಲೇ ಮಾತಾಡುತ್ತದೆ. ಕೊಕ್ಕು ಗಾಳಿ ಇರೋ ಜಾಗಕ್ಕೆ ತೂರಿದ ಮೇಲೆ ಉಸಿರಾಟ ಶುರು, ಸಣ್ಣಗೆ ಪಿಳ್ ಪಿಳ್ ಅನ್ನೋ ಸದ್ದು. ಮಗಳು ಪೆಟ್ಟಿಗೆಯ ಹತ್ತಿರ ಬಾಯಿಟ್ಟು ಕರೆದರೆ ಒಳಗಿನಿಂದ ಉತ್ತರ ಬರುತ್ತಿತ್ತು. ಅವಳು ಓದು ಬರಹ ಎಲ್ಲ ಅಲ್ಲೇ ಇಟ್ಟುಕೊಂಡಳು.

28ನೇ ದಿನ ರಾತ್ರಿ ಮೊದಲ ಬಿರುಕು. ಚಿಪ್ಪಿನ ಮೇಲೆ ಒಂದು ಸಣ್ಣ ಉಬ್ಬು, ನಕ್ಷತ್ರದ ಆಕಾರ. ಅದಾದ ಮೇಲೆ ಏನೂ ಇಲ್ಲ! ಕೋಳಿಮರಿ ನೋಡಿ ಅಭ್ಯಾಸವಾದವರಿಗೆ ಇಲ್ಲೇ ಕೈ ತುರಿಸೋದು. ಹೆಬ್ಬಾತಿನ ಮರಿ ಬಿರುಕು ಬಿಟ್ಟ ಮೇಲೆ ಒಂದು ದಿನ, ಎರಡು ದಿನ, ಕೆಲವು ಅದಕ್ಕೂ ಜಾಸ್ತಿ ತೆಗೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಮರಿ ಸುಮ್ನೆ ಮಲಗಿಲ್ಲ. ಪೊರೆಯ ನರಗಳಲ್ಲಿರೋ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿದೆ, ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಸೇರಿಸಿಕೊಳ್ಳುತ್ತಿದೆ. ಅದು ಮುಗಿಯದೆ ಚಿಪ್ಪು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಅತ್ತೆ ಬಾಗಿಲಲ್ಲೇ ನಿಂತು, "ಕೈ ಹಾಕಬೇಡ ಕಣಮ್ಮಾ, ಅದಕ್ಕೆ ಗೊತ್ತು" ಅಂತ ಹೇಳಿ ಹೋದರು.

ಆಮೇಲೆ ಮಾತ್ರ ಎಲ್ಲ ಬೇಗ. ಕೊಕ್ಕಿನ ತುದಿಯಲ್ಲಿರೋ ಬಿಳಿ ಮುಳ್ಳಿನಿಂದ ಚಿಪ್ಪನ್ನು ಸುತ್ತಲೂ ಕೊಯ್ಯುತ್ತಾ, ಒಳಗೇ ತಿರುಗುತ್ತಾ ಬರುತ್ತದೆ. ಕುತ್ತಿಗೆ ಒಮ್ಮೆ ನೆಟ್ಟಗೆ ಮಾಡಿ ದೂಡಿದರೆ ಟೋಪಿ ಕಳಚಿ ಬೀಳುತ್ತದೆ. ಒದ್ದೆ ಮುದ್ದೆ, ಉದ್ದ ಕತ್ತು, ಅಗಲ ಪಾದ. ನೋಡೋಕೆ ಚೆಂದ ಏನೂ ಇರೋದಿಲ್ಲ. ನಾಲ್ಕೈದು ಗಂಟೆ ಒಣಗಿದರೆ ಹಳದಿ ಬೂದು ತುಪ್ಪಳ ಅರಳುತ್ತದೆ. ಹುಟ್ಟಿದಾಗ ಮೊಟ್ಟೆಯ ಮೊದಲ ತೂಕದ ಮೂರರಲ್ಲಿ ಎರಡು ಭಾಗದಷ್ಟು ತೂಗುತ್ತದೆ.

ಒಂದು ಮೊಟ್ಟೆಯಲ್ಲಿ ಮರಿ ತಲೆಕೆಳಗಾಗಿತ್ತು, ಚೂಪು ತುದಿಯಲ್ಲಿ ಬಿರುಕು ಬಿಟ್ಟಿತ್ತು. ಅಲ್ಲಿ ಗಾಳಿಯ ಜಾಗ ಇಲ್ಲ. ಒಂದೂವರೆ ದಿನ ಕಾದೆ. ಬಿರುಕಿನ ಅಂಚಿನ ಪೊರೆ ಕಂದಾಗಿ ಗಟ್ಟಿಯಾಗುತ್ತಿತ್ತು, ಕೂಗು ಸಣ್ಣಗಾಗಿತ್ತು. ಆಗ ಎತ್ತಿಕೊಂಡೆ. ಮನೆಯದೇ ಕೊಬ್ಬರಿ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಪೊರೆಗೆ ಸವರಿದೆ. ಎಣ್ಣೆ ತಾಗಿದ ಕೂಡಲೇ ಪೊರೆ ಪಾರದರ್ಶಕವಾಗಿ, ನರಗಳಲ್ಲಿ ಇನ್ನೂ ಕೆಂಪಿದೆಯಾ ಇಲ್ವಾ ಅಂತ ಕಾಣುತ್ತದೆ. ಕೊಕ್ಕಿನ ಹತ್ತಿರ ಇರಲಿಲ್ಲ, ಕೆಳಗಡೆ ಸಣ್ಣ ಎಳೆಗಳಿದ್ದವು. ಮೂಗಿನ ಹೊಳ್ಳೆ ಬಿಡಿಸೋ ಅಷ್ಟು ಮಾತ್ರ ಚಿಪ್ಪು ಕಿತ್ತು, ಎಣ್ಣೆ ಹೊಳ್ಳೆಗೆ ಹೋಗದ ಹಾಗೆ ಒರೆಸಿ, ಮತ್ತೆ ಪೆಟ್ಟಿಗೆಗೆ ಇಟ್ಟೆ. ರಾತ್ರಿ ಇನ್ನೊಂದಿಷ್ಟು. ಬೆಳಗಿನ ಜಾವ ಅದು ತಾನೇ ಒದ್ದುಕೊಂಡು ಬಂತು. ಇನ್ನೊಂದಕ್ಕೂ ಹೀಗೇ ಮಾಡಿದೆ, ಅದು ಉಳಿಯಲಿಲ್ಲ.

ಒಟ್ಟಿನಲ್ಲಿ ಏಳನೇ ದಿನ ನರ ಕಂಡ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮರಿಯಾದವು. ಕೋಳಿ ಕೆಳಗಿನವು ಒಂದು ಬಿಟ್ಟು ಎಲ್ಲವೂ. ಅತ್ತೆ ಇದನ್ನು ಊರಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ.

ಒಣಗಿದ ಮೇಲೆ ಮರಿಗಳನ್ನು ದೊಡ್ಡ ರಟ್ಟಿನ ಡಬ್ಬಕ್ಕೆ ಹಾಕಿ ಬಲ್ಬ್ ಇಳಿಬಿಟ್ಟೆವು. ಮೊದಲ ವಾರ ಬಲ್ಬಿನ ಕೆಳಗೆ 32 ಡಿಗ್ರಿ ಸಾಕು, ವಾರಕ್ಕೆ ಮೂರರಂತೆ ಇಳಿಸುತ್ತಾ ಹೋಗೋದು. ಹಾಸಲು ಪೇಪರ್ ಬೇಡ, ಜಾರಿ ಕಾಲು ಸೀಳುತ್ತದೆ. ಗೋಣಿತಾಟು ಒಳ್ಳೆಯದು. ಅಂಗಡಿಯ ಕೋಳಿಮರಿ ಆಹಾರ ಕೊಳ್ಳುವಾಗ ಔಷಧಿ ಬೆರೆಸಿದ್ದಾ ಅಂತ ಕೇಳಿ ನೋಡಬೇಕು. ರಕ್ತಭೇದಿಗೆ ಅಂತ ಕೋಳಿಗೆ ಹಾಕೋ ಕೆಲವು ಔಷಧಿ ಇವಕ್ಕೆ ಆಗಿಬರೋದಿಲ್ಲ. ಇವಕ್ಕೆ ಕೋಳಿಮರಿಗಿಂತ ನಯಾಸಿನ್ ಅನ್ನೋ ಬಿ ವಿಟಮಿನ್ ಜಾಸ್ತಿ ಬೇಕು, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತವೆ. ಕೋಳಿಗಳಿಗೆ ಸಿಗೋ ಬಿ-ಕಾಂಪ್ಲೆಕ್ಸ್ ದ್ರವವನ್ನು ನೀರಿಗೆ ಬೆರೆಸಿ ಕೊಟ್ಟೆ. ಎರಡನೇ ದಿನದಿಂದಲೇ ಗರಿಕೆ, ದಂಟಿನ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದರೆ ಬೇರೆಲ್ಲ ಬಿಟ್ಟು ಅದಕ್ಕೇ ಮುಗಿಬೀಳುತ್ತವೆ. ನೀರಿನ ಬಟ್ಟಲು ಕೊಕ್ಕು, ಮೂಗು ಮುಳುಗೋ ಅಷ್ಟು ಆಳ ಇರಲಿ. ಆದರೆ ಒಳಗೆ ಇಳಿದು ಈಜೋ ಹಾಗಿರಬಾರದು. ತಾಯಿ ರೆಕ್ಕೆಯ ಎಣ್ಣೆ ತಾಗದ ತುಪ್ಪಳ ಬೇಗ ನೆನೆದು ಚಳಿ ಹಿಡಿಯುತ್ತದೆ.

ಮಷೀನಿನ ಮರಿಗಳಿಗೂ ಕೋಳಿಯ ಮರಿಗಳಿಗೂ ಒಂದು ವ್ಯತ್ಯಾಸ ಮೊದಲ ದಿನವೇ ಗೊತ್ತಾಯಿತು. ಇವು ಮಗಳ ಹಿಂದೆ, ಅವು ಕರೀ ಕೋಳಿಯ ಹಿಂದೆ. ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ ಬೂದು ಹೆಬ್ಬಾತಿನ ಮರಿಗಳಲ್ಲಿ ಇದನ್ನೇ ಗಮನಿಸಿ 1930ರ ದಶಕದಲ್ಲಿ ಬರೆದರು. ಹುಟ್ಟಿದ ಮೇಲೆ ಮೊದಲು ಕಂಡು ಓಡಾಡೋದನ್ನೇ ಮರಿ ತಾಯಿ ಅಂದುಕೊಳ್ಳುತ್ತದೆ ಅಂತ. 1973ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನಮ್ಮ ಮಗಳಿಗೆ ಬಂದಿದ್ದು ಸ್ಕೂಲಿಗೆ ತಡವಾಗಿ ಹೋಗಿದ್ದಕ್ಕೆ ಬೈಗುಳ. ಬಚ್ಚಲ ಬಾಗಿಲು ಹಾಕಿಕೊಂಡರೆ ಹೊರಗೆ ಸಾಲಾಗಿ ನಿಂತು ಕಿರುಚುತ್ತಿದ್ದವು. ಕೋಳಿಗೂ ಕಷ್ಟ ತಪ್ಪಲಿಲ್ಲ. ಅದು ಕೆದರಿ ಹುಳ ತೋರಿಸಿದರೆ ಮರಿಗಳು ಹುಳ ಬಿಟ್ಟು ಹುಲ್ಲು ಕೀಳೋದು. ಬೆಳೆದ ಮೇಲೆ ತೊಟ್ಟಿಗೆ ಧುಮುಕಿದಾಗ ಅದು ಕಟ್ಟೆಯ ಸುತ್ತ ಓಡಾಡಿ ಮಾಡಿದ ಗಲಾಟೆ ಇಷ್ಟಿಷ್ಟಲ್ಲ.

ಪಕ್ಕದ ತೋಟದವರು ಈಗಲೇ ಒಂದು ಜೋಡಿ ಬೇಕು ಅಂತ ಹೇಳಿಟ್ಟಿದ್ದಾರೆ. ಗಂಡು ಹೆಣ್ಣು ಹೊರಗಿನಿಂದ ನೋಡಿ ಹೇಳೋದು ಇಷ್ಟು ಚಿಕ್ಕದರಲ್ಲಿ ಆಗೋದಿಲ್ಲ. ಗಂಟು ಬಲಿತು, ದನಿ ಒಡೆಯಲು ತಿಂಗಳುಗಳು ಬೇಕು.

"ಹಾಗಾದ್ರೆ ಮೂರು ಕೊಡಿ ಅಕ್ಕಾ, ಅದರಲ್ಲಿ ಒಂದು ಜೋಡಿ ಆಗದೇ ಹೋಗುತ್ತಾ?" ಅಂದರು.

"ಆಗಬಹುದು. ಆದರೆ ಎಲ್ಲ ಒಂದೇ ಗಂಡಿನ ಮರಿ ಅಲ್ವಾ. ಹೆಣ್ಣು ನಮ್ಮಿಂದ ತಗೊಂಡು ಹೋಗಿ, ಗಂಡು ಬೇರೆ ಕಡೆಯಿಂದ ತನ್ನಿ" ಅಂದೆ.

ಅರಸೀಕೆರೆ ಕಡೆ ಅವರಿಗೆ ಗೊತ್ತಿರೋರ ಹತ್ತಿರ ಬಿಳೀ ಜಾತಿ ಇದೆಯಂತೆ. ವಿಚಾರಿಸಿ ಬರ್ತೀನಿ ಅಂತ ಹೋಗಿದ್ದಾರೆ.